ಸದಸ್ಯರ ಮನೆಯ ಕಾರು, ಊರಿನ ಕಾರು: ಪವರ್ ಸ್ಟೀರಿಂಗ್ ಆಯಿಲ್ ಮತ್ತು ಬೆಲ್ಟುಗಳ ಆರೈಕೆ

(ಗ್ರಾಮ ಪಂಚಾಯಿತಿ ಸದಸ್ಯರ ತಾಲ್ಲೂಕು ಮಟ್ಟದ ತರಬೇತಿ ಶಿಬಿರದಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಾಠ. ಸದಸ್ಯರೆಲ್ಲರ ಮಾಹಿತಿಗಾಗಿ ಪ್ರಕಟಿಸಲಾಗಿದೆ.)



ಮಲೆನಾಡಿನ ಒಂದು ಗ್ರಾಮ ಪಂಚಾಯಿತಿಯ ಸದಸ್ಯರೊಬ್ಬರ ಮನೆಯಲ್ಲಿ ಹನ್ನೆರಡು ವರ್ಷ ಹಳೆಯದಾದ ಡೀಸೆಲ್ ಕಾರು ಇತ್ತು. ಎರಡನೆಯ ಕೈಯಲ್ಲಿ ಕೊಂಡದ್ದು. ಅಂಗಳದಿಂದ ರಸ್ತೆಗೆ ತಿರುಗಿಸುವಾಗಲೆಲ್ಲ ಅದರ ಬಾನೆಟ್ಟಿನ ಒಳಗಿನಿಂದ ಕೊರಗಿದಂತಹ ಒಂದು ಧ್ವನಿ ಬರುತ್ತಿತ್ತು. ಸಂತೆಗೆ ಹೋದಾಗ ಬಿಡಿಭಾಗಗಳ ಅಂಗಡಿಯವರು ಡಬ್ಬಿಯ ಮುಚ್ಚಳ ತೆಗೆದು, "ಸ್ಟೀರಿಂಗ್ ಆಯಿಲ್ ಕಡಿಮೆಯಾಗಿದೆ" ಎಂದು ತುಂಬಿಸಿ ಕಳುಹಿಸಿದರು. ಧ್ವನಿ ನಿಂತಿತು. ಹತ್ತು ದಿನಗಳ ಬಳಿಕ ಮತ್ತೆ ಬಂತು, ಮತ್ತೆ ತುಂಬಿಸಲಾಯಿತು. ಒಂದೇ ತಿಂಗಳಲ್ಲಿ ಮೂರು ಬಾರಿ ಹೀಗಾಯಿತು. ಹಾಕಿದ ಆಯಿಲ್ ಎಲ್ಲಿಗೆ ಹೋಗುತ್ತಿದೆ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳಲಿಲ್ಲ.

ಆಗಸ್ಟ್ ತಿಂಗಳ ಒಂದು ರಾತ್ರಿ ನೆರೆಮನೆಯ ಗರ್ಭಿಣಿಗೆ ನೋವು ಕಾಣಿಸಿಕೊಂಡಿತು. ಮಳೆಗೆ ಮೊಬೈಲ್ ಸಂಪರ್ಕ ಕಡಿದಿತ್ತು. 108ಕ್ಕೆ ಕರೆ ಹೋಗಲಿಲ್ಲ. ನೆರೆಯವರು ಬಂದು ಬಾಗಿಲು ತಟ್ಟಿದ್ದು ಸದಸ್ಯರ ಮನೆಯದನ್ನೇ. ಕಾರು ಹೊರಟು ಆರೇಳು ಕಿಲೋಮೀಟರ್ ಸಾಗುವಷ್ಟರಲ್ಲಿ ಚಾವಟಿ ಬೀಸಿದಂತಹ ಸದ್ದಾಯಿತು. ಒಮ್ಮೆಲೇ ಸ್ಟೀರಿಂಗ್ ಕಲ್ಲಿನಂತೆ ಗಟ್ಟಿಯಾಯಿತು. ಬ್ಯಾಟರಿಯ ಕೆಂಪು ದೀಪ ಹೊತ್ತಿತು. ಸ್ವಲ್ಪ ಹೊತ್ತಿಗೆ ಎಂಜಿನ್ನಿನ ಬಿಸಿಯನ್ನು ತೋರಿಸುವ ಮುಳ್ಳು ಮೇಲೇರಿತು. ಸದಸ್ಯರು ಎಚ್ಚರದಿಂದ ಕಾರನ್ನು ಬದಿಗೆ ನಿಲ್ಲಿಸಿದರು. ಹಾಲು ಸಾಗಿಸುವ ವಾಹನವೊಂದು ಅದೇ ದಾರಿಯಲ್ಲಿ ಬರುವವರೆಗೆ ಆ ಹೆಣ್ಣುಮಗಳು ಸುಮಾರು ನಲವತ್ತು ನಿಮಿಷ ಮಳೆಯ ನಡುವೆ ಕಾರಿನಲ್ಲಿಯೇ ನೋವು ತಿನ್ನುತ್ತ ಕುಳಿತಿರಬೇಕಾಯಿತು. ಅದೃಷ್ಟವಶಾತ್ ತಾಯಿಯೂ ಮಗುವೂ ಕ್ಷೇಮವಾಗಿ ಮನೆಗೆ ಮರಳಿದರು.

ಮರುದಿನ ಮೆಕ್ಯಾನಿಕ್ ಬಂದು ನೋಡಿದಾಗ ಕಂಡುಬಂದ ದೋಷ ಬಹಳ ಚಿಕ್ಕದು. ಸ್ಟೀರಿಂಗ್ ಆಯಿಲ್ ಹಿಂದಿರುಗಿ ಬರುವ ಹೋಸ್ ಪೈಪಿನ ಕ್ಲಿಪ್ಪು ಸಡಿಲವಾಗಿತ್ತು. ಅಲ್ಲಿಂದ ಹನಿಹನಿಯಾಗಿ ಜಿನುಗಿದ ಆಯಿಲ್ ಕೆಳಗಿನ ಬೆಲ್ಟಿನ ಮೇಲೆ ಬಿದ್ದು, ಬೆಲ್ಟು ಊದಿಕೊಂಡು, ಮೆತ್ತಗಾಗಿ, ಪುಲ್ಲಿಯಿಂದ ಜಾರಿಹೋಗಿತ್ತು. ತಿರುಪುಳಿಯಿಂದ ಎರಡು ಸುತ್ತು ಬಿಗಿಮಾಡಿದ್ದರೆ ಮುಗಿಯುತ್ತಿದ್ದ ಕೆಲಸ ಅದು.

ಗ್ರಾಮ ಪಂಚಾಯಿತಿ ಸದಸ್ಯರ ಶಿಬಿರದಲ್ಲಿ ಕಾರಿನ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಹಳ್ಳಿಯಲ್ಲಿ ಸದಸ್ಯರ ಮನೆಯ ವಾಹನ ಅವರೊಬ್ಬರದೇ ಅಲ್ಲ ಎಂಬುದೇ ಇದಕ್ಕೆ ಉತ್ತರ. ಹಾವು ಕಚ್ಚಿದವರು, ಮರದಿಂದ ಬಿದ್ದವರು, ಹೆರಿಗೆಗೆ ಹೊರಟವರು ಮೊದಲು ನೆನೆಯುವುದು ಅದನ್ನೇ. ಊರು ನೆಚ್ಚಿಕೊಂಡಿರುವ ವಾಹನವನ್ನು ಸುಸ್ಥಿತಿಯಲ್ಲಿ ಇಡುವುದು ಸದಸ್ಯತ್ವದ ಹೊಣೆಯ ಒಂದು ಭಾಗವೇ ಆಗಿದೆ. ಈ ಹೊಣೆಗೆ ತಿಂಗಳಿಗೆ ಹತ್ತು ನಿಮಿಷ, ಒಂದು ಟಾರ್ಚು ಮತ್ತು ಒಂದು ಹಳೆಯ ಬಿಳಿಯ ಬಟ್ಟೆ ಸಾಕು.

ಪವರ್ ಸ್ಟೀರಿಂಗ್ ಎಂದರೇನು?

ಹಳೆಯ ಜೀಪನ್ನೋ ಅಂಬಾಸಿಡರ್ ಕಾರನ್ನೋ ಓಡಿಸಿದವರಿಗೆ, ನಿಂತಲ್ಲಿಯೇ ಸ್ಟೀರಿಂಗ್ ತಿರುಗಿಸಲು ಎಷ್ಟು ತೋಳ್ಬಲ ಬೇಕಾಗುತ್ತಿತ್ತು ಎಂಬುದು ನೆನಪಿರಬಹುದು. ಆ ಶ್ರಮವನ್ನು ಯಂತ್ರಕ್ಕೆ ವಹಿಸುವ ವ್ಯವಸ್ಥೆಯೇ ಪವರ್ ಸ್ಟೀರಿಂಗ್. ಅಮೆರಿಕದ ಕ್ರೈಸ್ಲರ್ ಸಂಸ್ಥೆ 1951ರಲ್ಲಿ ತನ್ನ ಇಂಪೀರಿಯಲ್ ಕಾರಿನಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಎಂಜಿನ್ನಿನ ಬಲದಿಂದ ಒಂದು ಪಂಪು ತಿರುಗುತ್ತದೆ; ಆ ಪಂಪು ಆಯಿಲನ್ನು ಅಧಿಕ ಒತ್ತಡದಿಂದ ಸ್ಟೀರಿಂಗ್ ಪೆಟ್ಟಿಗೆಗೆ ತಳ್ಳುತ್ತದೆ; ಚಾಲಕರು ಚಕ್ರವನ್ನು ಯಾವ ಕಡೆಗೆ ತಿರುಗಿಸುತ್ತಾರೋ ಆ ಕಡೆಗೆ ಆಯಿಲಿನ ಒತ್ತಡ ನೆರವಾಗುತ್ತದೆ; ಬಳಿಕ ಆಯಿಲ್ ಇನ್ನೊಂದು ಪೈಪಿನ ಮೂಲಕ ಡಬ್ಬಿಗೆ ಹಿಂದಿರುಗುತ್ತದೆ. ಜೆಸಿಬಿಯ ತೋಳು ಮಣ್ಣನ್ನು ಎತ್ತುವುದೂ, ಟ್ರ್ಯಾಕ್ಟರಿನ ಟ್ರೇಲರ್ ಮೇಲೇಳುವುದೂ ಇದೇ ತತ್ತ್ವದಿಂದ.

ಇಲ್ಲಿ ಒಂದು ಭೇದವನ್ನು ಅರಿಯಬೇಕು. 1988ರಲ್ಲಿ ಜಪಾನಿನ ಸುಜುಕಿ ಸಂಸ್ಥೆ ಸರ್ವೋ ಎಂಬ ಸಣ್ಣ ಕಾರಿನಲ್ಲಿ ವಿದ್ಯುತ್ ಮೋಟಾರಿನಿಂದ ನಡೆಯುವ ಸ್ಟೀರಿಂಗನ್ನು ತಂದಿತು. ಇಂದು ನಮ್ಮ ರಸ್ತೆಗಳ ಮೇಲಿರುವ ಸಣ್ಣ ಕಾರುಗಳಲ್ಲಿ ಬಹುಪಾಲು ಈ ಬಗೆಯವು. ಅವುಗಳಲ್ಲಿ ಸ್ಟೀರಿಂಗ್ ಆಯಿಲ್ ಇರುವುದಿಲ್ಲ. ಹುಡುಕಿದರೂ ಡಬ್ಬಿ ಸಿಗುವುದಿಲ್ಲ. ಆಯಿಲಿನ ಪದ್ಧತಿ ಇರುವುದು ಹೆಚ್ಚಾಗಿ ಹಳೆಯ ಕಾರುಗಳು, ದೊಡ್ಡ ಜೀಪುಗಳು, ಸರಕು ವಾಹನಗಳು ಮತ್ತು ಪವರ್ ಸ್ಟೀರಿಂಗ್ ಇರುವ ಟ್ರ್ಯಾಕ್ಟರುಗಳಲ್ಲಿ. ಆದುದರಿಂದ ಮೊದಲ ಕೆಲಸವೆಂದರೆ ವಾಹನದ ಕೈಪಿಡಿಯನ್ನು ತೆರೆದು, ತಮ್ಮ ವಾಹನ ಯಾವ ಬಗೆಯದು ಎಂದು ತಿಳಿಯುವುದು. ಮೋಟಾರಿನ ಸ್ಟೀರಿಂಗ್ ಇರುವವರೂ ಬೆಲ್ಟಿನ ವಿಷಯದಲ್ಲಿ ಉದಾಸೀನರಾಗುವಂತಿಲ್ಲ. ಆ ಮೋಟಾರಿಗೆ ಬೇಕಾದ ವಿದ್ಯುತ್ತನ್ನು ಉತ್ಪಾದಿಸುವ ಆಲ್ಟರ್ನೇಟರ್ ತಿರುಗುವುದು ಬೆಲ್ಟಿನಿಂದಲೇ.

ಬೆಲ್ಟಿನ ಕೆಲಸ

ಊರಿನ ಹಿಟ್ಟಿನ ಗಿರಣಿಯನ್ನು ಎಲ್ಲರೂ ಕಂಡಿದ್ದಾರೆ. ಮೋಟಾರು ಒಂದು ಕಡೆ, ಬೀಸುವ ಕಲ್ಲು ಇನ್ನೊಂದು ಕಡೆ. ನಡುವೆ ಓಡುವ ಬೆಲ್ಟು ಜಾರಿದರೆ ಮೋಟಾರು ತಿರುಗುತ್ತಲೇ ಇರುತ್ತದೆ, ಹಿಟ್ಟು ಮಾತ್ರ ಬೀಳುವುದಿಲ್ಲ. ಕಾರಿನಲ್ಲಿ ನಡೆಯುವುದೂ ಇದೇ. ಎಂಜಿನ್ನಿನ ಮುಂಭಾಗದ ಪುಲ್ಲಿಯಿಂದ ಹೊರಟ ಬೆಲ್ಟು ಬ್ಯಾಟರಿಗೆ ವಿದ್ಯುತ್ ತುಂಬುವ ಆಲ್ಟರ್ನೇಟರನ್ನು, ಸ್ಟೀರಿಂಗ್ ಪಂಪನ್ನು, ಎಸಿಯ ಕಂಪ್ರೆಸರನ್ನು, ಅನೇಕ ವಾಹನಗಳಲ್ಲಿ ಎಂಜಿನ್ನನ್ನು ತಂಪಾಗಿಡುವ ನೀರಿನ ಪಂಪನ್ನೂ ತಿರುಗಿಸುತ್ತದೆ.

ಹಳೆಯ ವಾಹನಗಳಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಬೆಲ್ಟು ಇರುತ್ತಿತ್ತು. ಅದರ ಅಡ್ಡಕೊಯ್ತ ಮೊನಚಾದ ಬೆಣೆಯಂತೆ ಇರುತ್ತಿತ್ತು. ಈಚಿನ ವಾಹನಗಳಲ್ಲಿ ಒಳಮೈಯಲ್ಲಿ ಉದ್ದುದ್ದ ಗೀರುಗಳಿರುವ ಒಂದೇ ಅಗಲ ಬೆಲ್ಟು ಹಾವಿನಂತೆ ಸುತ್ತಿಕೊಂಡು ಎಲ್ಲವನ್ನೂ ತಿರುಗಿಸುತ್ತದೆ. ಒಂದೇ ಬೆಲ್ಟು ಇರುವುದು ಅನುಕೂಲವೂ ಹೌದು, ಅಪಾಯವೂ ಹೌದು. ಅದು ಹೋದರೆ ಎಲ್ಲವೂ ಒಟ್ಟಿಗೇ ಹೋಗುತ್ತವೆ. ಕೆಲವು ಡೀಸೆಲ್ ವಾಹನಗಳಲ್ಲಿ ಬ್ರೇಕಿಗೆ ನೆರವಾಗುವ ವ್ಯಾಕ್ಯೂಮ್ ಪಂಪನ್ನು ಆಲ್ಟರ್ನೇಟರಿನ ಹಿಂಬದಿಗೇ ಜೋಡಿಸಿರುತ್ತಾರೆ. ಅಂತಹ ವಾಹನದ ಬೆಲ್ಟು ಆಗುಂಬೆಯಂತಹ ಘಟ್ಟದ ತಿರುವಿನಲ್ಲಿ ಕಡಿದರೆ, ಸ್ಟೀರಿಂಗ್ ಬಿಗಿಯಾಗುವುದರ ಜೊತೆಗೆ ನಾಲ್ಕಾರು ಬಾರಿ ತುಳಿಯುವಷ್ಟರಲ್ಲಿ ಬ್ರೇಕಿನ ಪೆಡಲೂ ಗಟ್ಟಿಯಾಗುತ್ತದೆ.

ಮೇಲಿನ ಘಟನೆಯಲ್ಲಿ ಕಂಡಂತೆ, ಸ್ಟೀರಿಂಗ್ ಆಯಿಲ್ ಮತ್ತು ಬೆಲ್ಟು ಪರಸ್ಪರ ಸಂಬಂಧವುಳ್ಳವು. ಆಯಿಲ್ ಸೋರಿದರೆ ಬೆಲ್ಟು ಕೆಡುತ್ತದೆ. ಬೆಲ್ಟು ಜಾರಿದರೆ ಆಯಿಲಿನ ಪಂಪು ನಿಲ್ಲುತ್ತದೆ. ಆದುದರಿಂದ ಇವೆರಡನ್ನೂ ಒಂದೇ ಬಾರಿಗೆ ನೋಡತಕ್ಕದ್ದು.

ಬಾನೆಟ್ ತೆರೆಯುವ ಮುನ್ನ

ವಾಹನವನ್ನು ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ, ಕೈಬ್ರೇಕ್ ಎಳೆದು, ಎಂಜಿನ್ ಆರಿಸಿ, ಕೀಲಿಯನ್ನು ಜೇಬಿಗೆ ಹಾಕಿಕೊಳ್ಳಬೇಕು. ಪಂಚೆಯ ಅಂಚು, ಹೆಗಲ ಮೇಲಿನ ಟವೆಲ್, ಸೀರೆಯ ಸೆರಗು, ಜಡೆ, ಕೊರಳ ಸರ ಇವು ಯಾವುವೂ ಎಂಜಿನ್ನಿನ ಮೇಲೆ ಜೋತಾಡಬಾರದು. ರೇಡಿಯೇಟರ್ ಮುಂದಿನ ವಿದ್ಯುತ್ ಫ್ಯಾನು ಎಂಜಿನ್ ಆರಿದ ಮೇಲೂ ತಾನಾಗಿ ತಿರುಗಲಾರಂಭಿಸಬಹುದು. ಅದರ ಸನಿಹ ಕೈ ಒಯ್ಯಬಾರದು. ಮಕ್ಕಳನ್ನು ದೂರವಿರಿಸುವುದು ಕ್ಷೇಮ.

ಆಯಿಲಿನ ಪರೀಕ್ಷೆ

ಸ್ಟೀರಿಂಗ್ ಆಯಿಲಿನ ಡಬ್ಬಿಯ ಮುಚ್ಚಳದ ಮೇಲೆ ಸಾಮಾನ್ಯವಾಗಿ ಸ್ಟೀರಿಂಗ್ ಚಕ್ರದ ಚಿತ್ರವಿರುತ್ತದೆ. ಡಬ್ಬಿ ಅರೆಪಾರದರ್ಶಕವಾಗಿದ್ದರೆ ಹೊರಗಿನಿಂದಲೇ ಮಿನ್ ಮತ್ತು ಮ್ಯಾಕ್ಸ್ ಗೆರೆಗಳ ನಡುವೆ ಮಟ್ಟ ಕಾಣುತ್ತದೆ. ಕೆಲವು ವಾಹನಗಳಲ್ಲಿ ಮುಚ್ಚಳಕ್ಕೇ ಅಳತೆಕಡ್ಡಿ ಅಂಟಿಕೊಂಡಿದ್ದು, ಎಂಜಿನ್ ತಣ್ಣಗಿದ್ದಾಗ ಒಂದು ಗೆರೆ, ಬಿಸಿಯಾಗಿದ್ದಾಗ ಇನ್ನೊಂದು ಗೆರೆ ಎಂದು ಗುರುತು ಮಾಡಿರುತ್ತಾರೆ. ಬಿಸಿಯಾದಾಗ ಆಯಿಲ್ ಹಿಗ್ಗುವುದರಿಂದ ಈ ವ್ಯತ್ಯಾಸ. ಮುಚ್ಚಳ ತೆಗೆಯುವ ಮೊದಲು ಸುತ್ತಲಿನ ಧೂಳನ್ನು ಒರೆಸಬೇಕು. ಡಬ್ಬಿಗೆ ಬಿದ್ದ ಒಂದು ಚಿಟಿಕೆ ಮಣ್ಣು ಪಂಪಿನ ಒಳಮೈಯನ್ನು ಗೀರಬಲ್ಲದು.

ಮಟ್ಟ ನೋಡಿದ ಮೇಲೆ ಬಣ್ಣ ನೋಡಬೇಕು. ಒಂದು ಹನಿಯನ್ನು ಬಿಳಿಯ ಬಟ್ಟೆಯ ಮೇಲೆ ಒತ್ತಿದರೆ ಸಾಕು. ಹೊಸ ಆಯಿಲ್ ಅದರ ಬಗೆಗೆ ತಕ್ಕಂತೆ ಕೆಂಪಾಗಿ, ಹಳದಿಯಾಗಿ ಅಥವಾ ಹಸುರಾಗಿ, ಆದರೆ ತಿಳಿಯಾಗಿ ಇರುತ್ತದೆ. ಕಡುಕಂದು ಅಥವಾ ಕಪ್ಪು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬಂದರೆ ಅದು ಸವೆದಿದೆ ಎಂದರ್ಥ. ಹಾಲು ಬೆರೆಸಿದಂತೆ ಮಸಕಾಗಿದ್ದರೆ ನೀರು ಸೇರಿದೆ. ನೊರೆ ತುಂಬಿದ್ದರೆ ಎಲ್ಲೋ ಗಾಳಿ ಎಳೆದುಕೊಳ್ಳುತ್ತಿದೆ. ಬೆಳಕಿಗೆ ಹಿಡಿದಾಗ ಲೋಹದ ಮಿನುಗುವ ಕಣಗಳು ಕಂಡರೆ ಪಂಪೇ ಸವೆಯುತ್ತಿದೆ. ಇನ್ನು ತಡಮಾಡದೆ ಮೆಕ್ಯಾನಿಕ್ಕಿಗೆ ತೋರಿಸಬೇಕು.

ಎಲ್ಲಕ್ಕಿಂತ ಮುಖ್ಯವಾದ ಮಾತು ಒಂದಿದೆ. ಸ್ಟೀರಿಂಗ್ ಆಯಿಲ್ ಡೀಸೆಲ್‌ನಂತೆ ಖರ್ಚಾಗುವ ವಸ್ತುವಲ್ಲ. ಅದು ಮುಚ್ಚಿದ ಹಾದಿಯಲ್ಲಿ ಸುತ್ತುತ್ತಲೇ ಇರುತ್ತದೆ. ಮಟ್ಟ ಮತ್ತೆ ಮತ್ತೆ ಇಳಿಯುತ್ತಿದೆಯೆಂದರೆ ಅದು ಸೋರುತ್ತಿದೆ, ಬೇರೆ ಅರ್ಥವಿಲ್ಲ. ಮೂರು ಬಾರಿ ತುಂಬಿಸುವುದೆಂದರೆ ಸೋರುವ ತೊಟ್ಟಿಗೆ ಮೂರು ಬಾರಿ ನೀರು ಬಿಟ್ಟಂತೆ. ಊರಿನ ನೀರಿನ ಟ್ಯಾಂಕು ಬೆಳಗಾಗುವಷ್ಟರಲ್ಲಿ ಖಾಲಿಯಾದರೆ ಸದಸ್ಯರು ಪೈಪು ಎಲ್ಲಿ ಒಡೆದಿದೆ ಎಂದು ಹುಡುಕಿಸುತ್ತಾರೆ. ಕಾರಿನ ಡಬ್ಬಿಗೂ ಅದೇ ನ್ಯಾಯ ಸಲ್ಲಬೇಕು.

ಸೋರಿಕೆಯನ್ನು ಹುಡುಕುವ ಸುಲಭೋಪಾಯವೆಂದರೆ ರಾತ್ರಿ ಎಂಜಿನ್ನಿನ ಕೆಳಗೆ ದೊಡ್ಡ ರಟ್ಟಿನ ಹಾಳೆಯನ್ನು ಹಾಸಿ ಬೆಳಗ್ಗೆ ಹನಿಯ ಕಲೆ ಎಲ್ಲಿದೆ ಎಂದು ನೋಡುವುದು. ಬಳಿಕ ಟಾರ್ಚು ಹಿಡಿದು ಡಬ್ಬಿಯ ಬುಡ, ಹೋಸ್ ಪೈಪುಗಳ ಎರಡೂ ತುದಿ, ಪಂಪಿನ ಪುಲ್ಲಿಯ ಹಿಂಭಾಗ ಮತ್ತು ಸ್ಟೀರಿಂಗ್ ಪೆಟ್ಟಿಗೆಯ ಎರಡು ಬದಿಯ ರಬ್ಬರ್ ಹೊದಿಕೆಗಳನ್ನು ನೋಡಬೇಕು. ಧೂಳು ಕಚ್ಚಿ ಒದ್ದೆಯಾಗಿರುವ ಜಾಗವೇ ಗುರುತು. ಕಡಿಮೆ ಒತ್ತಡದ, ಕ್ಲಿಪ್ಪು ಹಾಕಿದ ಪೈಪನ್ನು ಮನೆಯಲ್ಲಿ ಬಿಗಿಮಾಡಬಹುದು. ಅಧಿಕ ಒತ್ತಡದ ಪೈಪು, ಪಂಪು, ಪೆಟ್ಟಿಗೆ ಇವು ಮನೆಯಲ್ಲಿ ಕೈಹಾಕುವ ಕೆಲಸಗಳಲ್ಲ. ಎಂಜಿನ್ ಓಡುತ್ತಿರುವಾಗ ಅಧಿಕ ಒತ್ತಡದ ಪೈಪಿನ ಸೋರಿಕೆಯನ್ನು ಬೆರಳಿನಿಂದ ಮುಟ್ಟಿ ನೋಡುವುದು ಅತ್ಯಂತ ಅಪಾಯಕರ. ಸೂಜಿಯಂತೆ ಚಿಮ್ಮುವ ಆಯಿಲ್ ಚರ್ಮದೊಳಗೆ ಹೊಗಬಲ್ಲದು.

ಯಾವ ಆಯಿಲ್ ಹಾಕಬೇಕು?

ಕೈಪಿಡಿಯಲ್ಲಿ ಅಥವಾ ಮುಚ್ಚಳದ ಮೇಲೆ ಬರೆದಿರುವುದನ್ನೇ ಹಾಕಬೇಕು. ಕೆಲವು ವಾಹನಗಳಿಗೆ ಎಟಿಎಫ್ ಎಂದು ಕರೆಯಲಾಗುವ ಕೆಂಪು ಆಯಿಲ್, ಕೆಲವಕ್ಕೆ ಪವರ್ ಸ್ಟೀರಿಂಗಿಗೆಂದೇ ತಯಾರಾದ ಆಯಿಲ್, ಇನ್ನು ಕೆಲವಕ್ಕೆ ಹಸುರು ಬಣ್ಣದ ಸಂಶ್ಲೇಷಿತ ಆಯಿಲ್ ಬೇಕಾಗುತ್ತದೆ. ಇವುಗಳನ್ನು ಒಂದರೊಡನೆ ಒಂದು ಬೆರೆಸಬಾರದು. ಬಣ್ಣ ಒಂದೇ ಇದ್ದ ಮಾತ್ರಕ್ಕೆ ಆಯಿಲ್ ಒಂದೇ ಎಂದು ಭಾವಿಸಬಾರದು.

ಬ್ರೇಕ್ ಆಯಿಲನ್ನು ಸ್ಟೀರಿಂಗ್ ಡಬ್ಬಿಗೆ ಎಂದಿಗೂ ಹಾಕಬಾರದು. ಡಾಟ್ 3, ಡಾಟ್ 4 ಎಂದು ಬರೆದಿರುವ ಆ ದ್ರವ ಆಯಿಲ್ ಎಂದು ಕರೆಸಿಕೊಂಡರೂ ವಾಸ್ತವದಲ್ಲಿ ಎಣ್ಣೆಯಲ್ಲ; ಅದು ಸ್ಟೀರಿಂಗಿನ ರಬ್ಬರ್ ಸೀಲುಗಳನ್ನು ಕೆಡಿಸುತ್ತದೆ. ಇದರ ಹಿಮ್ಮುಖವಾದ ತಪ್ಪು ಇನ್ನೂ ಘೋರವಾದುದು. ಬ್ರೇಕಿನ ಡಬ್ಬಿಗೆ ಸ್ಟೀರಿಂಗ್ ಆಯಿಲ್ ಹಾಕಿದರೆ ಬ್ರೇಕಿನ ಒಳಗಿನ ರಬ್ಬರ್ ಊದಿಕೊಂಡು, ಬ್ರೇಕೇ ವಿಫಲವಾಗಬಹುದು. ತಪ್ಪಿ ಹಾಕಿದ್ದು ತಿಳಿದರೆ ಎಂಜಿನ್ ಚಾಲೂ ಮಾಡದೆ, ಬ್ರೇಕ್ ತುಳಿಯದೆ, ವಾಹನವನ್ನು ಇದ್ದಲ್ಲಿಯೇ ಬಿಟ್ಟು ಮೆಕ್ಯಾನಿಕ್ಕನ್ನು ಕರೆಸಬೇಕು. ಎರಡು ಡಬ್ಬಿಗಳ ಮೇಲೂ ಅಳಿಸದ ಶಾಯಿಯಿಂದ ಕನ್ನಡದಲ್ಲಿ "ಸ್ಟೀರಿಂಗ್", "ಬ್ರೇಕ್" ಎಂದು ಬರೆದಿಟ್ಟರೆ ಮನೆಯ ಯಾರಿಗೂ ಗೊಂದಲವಾಗುವುದಿಲ್ಲ.

ಆಯಿಲ್ ಬದಲಾಯಿಸುವ ಕ್ರಮ

ಆಯಿಲ್ ಕಪ್ಪಾಗಿದ್ದು, ಸೋರಿಕೆ ಇಲ್ಲದಿದ್ದರೆ ಮನೆಯಲ್ಲಿಯೇ ಬದಲಾಯಿಸುವ ಸರಳ ವಿಧಾನವಿದೆ. ಎಂಜಿನ್ ಆರಿಸಿ, ದನಗಳಿಗೆ ಔಷಧಿ ಕುಡಿಸಲು ಬಳಸುವಂತಹ ದೊಡ್ಡ ಸಿರಿಂಜಿನಿಂದ, ಅದು ಹೊಸದಾಗಿರಲಿ, ಡಬ್ಬಿಯೊಳಗಿನ ಆಯಿಲನ್ನು ಹೀರಿ ತೆಗೆಯಬೇಕು. ಅಷ್ಟೇ ಪ್ರಮಾಣದ ಹೊಸ ಆಯಿಲನ್ನು ಸರಿಯಾದ ಗೆರೆಯವರೆಗೆ ತುಂಬಬೇಕು. ಎಂಜಿನ್ ಚಾಲೂ ಮಾಡಿ ಸ್ಟೀರಿಂಗನ್ನು ನಿಧಾನವಾಗಿ ಎಡದಿಂದ ಬಲಕ್ಕೆ ಕೆಲವು ಬಾರಿ ತಿರುಗಿಸಿ, ಮಟ್ಟವನ್ನು ಮತ್ತೆ ನೋಡಬೇಕು. ಒಂದೆರಡು ದಿನ ಓಡಿಸಿ ಇದನ್ನೇ ಪುನರಾವರ್ತಿಸಬೇಕು. ಡಬ್ಬಿಯಲ್ಲಿರುವುದು ಒಟ್ಟು ಆಯಿಲಿನ ಒಂದು ಭಾಗ ಮಾತ್ರವಾದುದರಿಂದ ಒಂದೇ ಬಾರಿಗೆ ಪೂರ್ತಿ ಹೊಸದಾಗುವುದಿಲ್ಲ. ಮೂರು ನಾಲ್ಕು ಸಲಕ್ಕೆ ಬಣ್ಣ ತಿಳಿಯಾಗುತ್ತದೆ.

ಮಟ್ಟ ತೀರ ಇಳಿದು ಪಂಪಿಗೆ ಗಾಳಿ ಹೊಕ್ಕಿದ್ದರೆ ಕೊರಗುವ ಧ್ವನಿ ಬರುತ್ತದೆ. ಆಗ ಎಂಜಿನ್ ಆರಿಸಿಯೇ, ಮುಂದಿನ ಚಕ್ರಗಳನ್ನು ನೆಲದಿಂದ ಎತ್ತಿ, ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ಕೂರಿಸಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಸ್ಟೀರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಹತ್ತಿಪ್ಪತ್ತು ಬಾರಿ ನಿಧಾನವಾಗಿ ತಿರುಗಿಸಬೇಕು. ಡಬ್ಬಿಯಲ್ಲಿ ಗುಳ್ಳೆ ಏಳುವುದು ನಿಲ್ಲುವವರೆಗೆ ಆಯಿಲ್ ತುಂಬುತ್ತಿರಬೇಕು. ಬರಿಯ ಜಾಕಿಯ ಮೇಲೆ ನಿಂತ ವಾಹನದ ಕೆಳಗೆ ಯಾರೂ ನುಸುಳಕೂಡದು.

ಓಡಿಸುವ ರೀತಿಯಲ್ಲಿಯೂ ಪಂಪಿನ ಆಯುಸ್ಸು ಅಡಗಿದೆ. ಸ್ಟೀರಿಂಗನ್ನು ಕೊನೆಯವರೆಗೆ ತಿರುಗಿಸಿ ಅಲ್ಲಿಯೇ ಒತ್ತಿ ಹಿಡಿದಾಗ ಪಂಪಿನ ಒತ್ತಡ ಶಿಖರಕ್ಕೇರುತ್ತದೆ, ಆಯಿಲ್ ಕಾಯುತ್ತದೆ. ಕೆಲವೇ ಕ್ಷಣಗಳಿಗಿಂತ ಹೆಚ್ಚು ಹಾಗೆ ಹಿಡಿಯದೆ, ತುಸು ಸಡಿಲ ಬಿಡುವುದನ್ನು ರೂಢಿಸಿಕೊಳ್ಳಬೇಕು.

ಬೆಲ್ಟಿನ ಪರೀಕ್ಷೆ

ಎಂಜಿನ್ ಆರಿ ತಣ್ಣಗಾದ ಮೇಲೆ ಟಾರ್ಚಿನ ಬೆಳಕಿನಲ್ಲಿ ಬೆಲ್ಟಿನ ಒಳಮೈಯನ್ನು ತುಸು ಮಗುಚಿ ನೋಡಬೇಕು. ಅಂಚಿನ ನೂಲು ಬಿಚ್ಚಿಕೊಂಡಿದ್ದರೆ, ರಬ್ಬರಿನ ಚೂರು ಕಿತ್ತುಹೋಗಿದ್ದರೆ, ಮೈ ಗಾಜಿನಂತೆ ಹೊಳೆಯುತ್ತಿದ್ದರೆ, ಆಯಿಲ್ ಹೀರಿ ಮೆತ್ತಗಾಗಿದ್ದರೆ ಬೆಲ್ಟನ್ನು ಬದಲಾಯಿಸಲೇಬೇಕು. ಹಳೆಯ ಬಗೆಯ ರಬ್ಬರಿನ ಬೆಲ್ಟುಗಳಲ್ಲಿ ಅಡ್ಡ ಬಿರುಕುಗಳು ಕಾಣುತ್ತವೆ. ಒಂದು ಗೀರಿನ ಮೂರು ಅಂಗುಲ ಉದ್ದದಲ್ಲಿ ಮೂರು ಬಿರುಕು ಎಣಿಸಿದರೆ ಅದರ ಕಾಲ ಮುಗಿಯಿತೆಂದು ತಿಳಿಯುವುದು ರೂಢಿ. ಈಗಿನ ಇಪಿಡಿಎಂ ಎಂಬ ರಬ್ಬರಿನ ಬೆಲ್ಟುಗಳು ಸುಲಭವಾಗಿ ಬಿರುಕು ಬಿಡುವುದಿಲ್ಲ. ಅವು ಟೈರಿನಂತೆ ಒಳಗೊಳಗೇ ಸವೆಯುತ್ತವೆ. ಬಿರುಕಿಲ್ಲ ಎಂದ ಮಾತ್ರಕ್ಕೆ ಬೆಲ್ಟು ಚೆನ್ನಾಗಿದೆ ಎಂದು ನಂಬದೆ, ಓಡಿದ ಕಿಲೋಮೀಟರ್ ಲೆಕ್ಕವನ್ನು ಕೈಪಿಡಿಯೊಡನೆ ಹೋಲಿಸಬೇಕು.

ಬಿಗಿಯನ್ನು ಪರೀಕ್ಷಿಸಲು ಎರಡು ಪುಲ್ಲಿಗಳ ನಡುವಿನ ಉದ್ದನೆಯ ಭಾಗದ ಮಧ್ಯದಲ್ಲಿ ಹೆಬ್ಬೆರಳಿನಿಂದ ಬಲವಾಗಿ, ಸುಮಾರು 10 ಕಿಲೋ ಭಾರದಷ್ಟು, ಒತ್ತಬೇಕು. ಅನೇಕ ವಾಹನಗಳಲ್ಲಿ ಬೆಲ್ಟು ಸುಮಾರು 10 ಮಿಲಿಮೀಟರ್ ತಗ್ಗಿದರೆ ಸರಿ. ನಿಖರವಾದ ಅಳತೆ ಕೈಪಿಡಿಯಲ್ಲಿರುತ್ತದೆ. ಸಡಿಲವಾದರೆ ಜಾರುತ್ತದೆ, ಅತಿಯಾಗಿ ಬಿಗಿದರೆ ಆಲ್ಟರ್ನೇಟರಿನ, ಪಂಪಿನ ಬೇರಿಂಗುಗಳು ಕೆಡುತ್ತವೆ. ತಾನಾಗಿ ಬಿಗಿ ಕಾಯುವ ಟೆನ್ಷನರ್ ಇರುವ ವಾಹನದಲ್ಲಿ ಈ ಪರೀಕ್ಷೆ ಅನ್ವಯಿಸದು. ಅದರ ಗುರುತುಮುಳ್ಳು ಮಿತಿಯೊಳಗಿದೆಯೇ ಎಂದು ಮಾತ್ರ ನೋಡಬೇಕು.

ಬೆಲ್ಟು ಕಿರುಚುತ್ತಿದ್ದರೆ ಕಾರಣವನ್ನು ತಿಳಿಯಲು ಒಂದು ಉಪಾಯವಿದೆ. ಎಂಜಿನ್ ಮಂದವಾಗಿ ಓಡುತ್ತಿರುವಾಗ, ಒಂದು ಅಡಿ ದೂರ ನಿಂತು, ಸ್ಪ್ರೇ ಬಾಟಲಿಯಿಂದ ಬೆಲ್ಟಿನ ಒಳಮೈಗೆ ತುಸು ನೀರು ಸಿಂಪಡಿಸಬೇಕು. ಸದ್ದು ಇನ್ನೂ ಜೋರಾದರೆ ಬೆಲ್ಟು ಜಾರುತ್ತಿದೆ, ಬಿಗಿ ಸಾಲದು. ಸದ್ದು ಕ್ಷಣಕಾಲ ನಿಂತು ಮತ್ತೆ ಬಂದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ. ಕಿರುಚಾಟ ನಿಲ್ಲಿಸಲೆಂದು ಬೆಲ್ಟಿಗೆ ಸೋಪು, ಗ್ರೀಸು, ಎಣ್ಣೆ ಸವರುವ ಪದ್ಧತಿ ತಪ್ಪು. ಅದು ರೋಗವನ್ನು ಮುಚ್ಚಿಡುತ್ತದೆಯೇ ಹೊರತು ಗುಣಪಡಿಸುವುದಿಲ್ಲ.

ಬೆಲ್ಟನ್ನು ತಾವೇ ಬದಲಾಯಿಸುವ ಕೈಚಳಕ ಇರುವವರು ಮೊದಲು ಬ್ಯಾಟರಿಯ ಋಣ ತುದಿಯನ್ನು ಬಿಚ್ಚಬೇಕು. ಹಳೆಯ ಬೆಲ್ಟು ಯಾವ ಪುಲ್ಲಿಯ ಮೇಲೆ, ಯಾವುದರ ಕೆಳಗೆ ಹಾದುಹೋಗಿದೆ ಎಂಬುದರ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಬೇಕು. ಬೆಲ್ಟು ಬಿಚ್ಚಿದಾಗ ಪ್ರತಿ ಪುಲ್ಲಿಯನ್ನು ಕೈಯಿಂದ ತಿರುಗಿಸಿ ಗರಗರ ಸದ್ದು ಇದೆಯೇ ಎಂದು ಕೇಳಬೇಕು. ಹೊಸ ಬೆಲ್ಟಿನ ಎಲ್ಲ ಗೀರುಗಳೂ ಪುಲ್ಲಿಯ ಗೀರುಗಳಲ್ಲಿ ಸರಿಯಾಗಿ ಕುಳಿತಿರಬೇಕು. ಆದರೆ ಎಂಜಿನ್ನಿನ ಮುಚ್ಚಳದೊಳಗೆ ಇರುವ ಟೈಮಿಂಗ್ ಬೆಲ್ಟು ಬೇರೆಯೇ ವಸ್ತು. ಅದರ ಒಂದು ಹಲ್ಲು ತಪ್ಪಿದರೂ ಎಂಜಿನ್ ಹಾಳಾಗಬಹುದು. ಅದನ್ನು ಮನೆಯಲ್ಲಿ ಮುಟ್ಟಲೇಬಾರದು.

ಹಳ್ಳಿಯ ರಸ್ತೆ, ಹಳ್ಳಿಯ ಅಂಗಳ

ಕೈಪಿಡಿಯಲ್ಲಿ ಬರೆಯದ ಕೆಲವು ಸಂಗತಿಗಳು ಹಳ್ಳಿಗೆ ವಿಶಿಷ್ಟವಾದವು. ಸುಗ್ಗಿಯ ಕಾಲದಲ್ಲಿ ರಾಗಿ, ಹುರುಳಿಯನ್ನು ರಸ್ತೆಯ ಮೇಲೆ ಹರಡಿ ವಾಹನಗಳಿಂದ ತುಳಿಸುವ ರೂಢಿ ಹಲವೆಡೆ ಇದೆ. ಹುರುಳಿಯ ಬಳ್ಳಿ ವಾಹನದ ತಳಭಾಗಕ್ಕೆ ಸುತ್ತಿಕೊಳ್ಳುತ್ತದೆ. ಸೈಲೆನ್ಸರಿನ ಬಿಸಿಗೆ ಹೊತ್ತಿ ಉರಿಯಲೂಬಹುದು. ಬೆಲ್ಟು, ಪುಲ್ಲಿಗಳ ನಡುವೆ ಹೊಟ್ಟು ಸಿಕ್ಕಿಕೊಂಡರೆ ಬೆಲ್ಟು ಹಾದಿ ತಪ್ಪುತ್ತದೆ. ಅಂತಹ ರಸ್ತೆಯಲ್ಲಿ ಸಾಗಿ ಬಂದ ಮೇಲೆ ತಳಭಾಗವನ್ನೂ ಬೆಲ್ಟನ್ನೂ ನೋಡುವುದು ಅಗತ್ಯ. ಒಕ್ಕಣೆಗೆ ಕಣವನ್ನೇ ಬಳಸುವಂತೆ ರೈತರ ಮನವೊಲಿಸುವುದು ಸದಸ್ಯರಿಂದ ಆಗಬಹುದಾದ ಕೆಲಸ.

ಕೊಟ್ಟಿಗೆಯ ಪಕ್ಕ, ಹುಲ್ಲಿನ ಬಣವೆಯ ಪಕ್ಕ ನಿಲ್ಲಿಸಿದ ವಾಹನದೊಳಗೆ ಇಲಿ ಗೂಡು ಕಟ್ಟುತ್ತದೆ; ಪೈಪು, ತಂತಿ, ಬೆಲ್ಟುಗಳನ್ನು ಕಡಿಯುತ್ತದೆ. ಬಹಳ ದಿನ ನಿಂತ ವಾಹನವನ್ನು ಬಾನೆಟ್ ತೆರೆದು ನೋಡದೆ ಚಾಲೂ ಮಾಡಬಾರದು. ಮಳೆಗಾಲದಲ್ಲಿ ನೀರು ನಿಂತ ಹೊಂಡವನ್ನು ವೇಗವಾಗಿ ದಾಟಿದರೆ ಬೆಲ್ಟು ಒದ್ದೆಯಾಗಿ ಸ್ವಲ್ಪ ಹೊತ್ತು ಜಾರಬಹುದು. ಒಣಗಿದ ಮೇಲೂ ಕಿರುಚಾಟ ನಿಲ್ಲದಿದ್ದರೆ ಪರೀಕ್ಷಿಸಬೇಕು.

ದಾರಿಯಲ್ಲಿ ಬೆಲ್ಟು ಹೋದರೆ

ಸ್ಟೀರಿಂಗ್ ಗಟ್ಟಿಯಾದರೂ ಚಕ್ರಗಳೊಡನೆ ಅದರ ಸಂಪರ್ಕ ಕಡಿದಿರುವುದಿಲ್ಲ. ಹೆಚ್ಚು ಬಲ ಹಾಕಿದರೆ ವಾಹನ ತಿರುಗುತ್ತದೆ. ಗಾಬರಿಯಾಗದೆ ಎರಡೂ ಕೈಗಳಿಂದ ಹಿಡಿದು, ವೇಗ ತಗ್ಗಿಸಿ, ಸುರಕ್ಷಿತ ಬದಿಗೆ ತರಬೇಕು. ಚಲಿಸುತ್ತಿರುವ ವಾಹನದ ಎಂಜಿನ್ನನ್ನು ಆರಿಸಬಾರದು. ಬ್ರೇಕಿನ ನೆರವು ತಪ್ಪಬಹುದು, ಕೀಲಿ ಪೂರ್ತಿ ಹಿಂದಕ್ಕೆ ಹೋದರೆ ಸ್ಟೀರಿಂಗೇ ಬೀಗ ಬೀಳಬಹುದು. ವಾಹನ ನಿಂತ ಮೇಲೆ ಕೂಡಲೇ ಎಂಜಿನ್ ಆರಿಸಬೇಕು. ಬಿಸಿಯ ಮುಳ್ಳು ಮೇಲಿರುವಾಗ ರೇಡಿಯೇಟರ್ ಮುಚ್ಚಳವನ್ನು ತೆಗೆಯಬಾರದು. "ಇನ್ನು ಎರಡೇ ಕಿಲೋಮೀಟರ್" ಎಂದು ಮುಂದುವರಿಸಿದರೆ ಒಂದು ಬೆಲ್ಟಿನ ಖರ್ಚು ಇಡೀ ಎಂಜಿನ್ನಿನ ಖರ್ಚಾಗಿ ಬೆಳೆಯಬಹುದು.

ತೆಗೆದ ಆಯಿಲ್ ಎಲ್ಲಿಗೆ?

ಬಳಸಿದ ಆಯಿಲನ್ನು ಚರಂಡಿಗೆ, ಹಿತ್ತಲಿಗೆ, ಕೆರೆಯ ಏರಿಯ ಬದಿಗೆ ಚೆಲ್ಲಬಾರದು. ಅದನ್ನು ಬೇಲಿಯ ಕಂಬಕ್ಕೆ ಬಳಿಯುವುದೂ, ಒಲೆಗೆ ಸುರಿಯುವುದೂ ಸಲ್ಲದು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಅಡಿಯಲ್ಲಿ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯವಾಗಿದೆ. ಬಾವಿಯ ನೀರಿಗೂ ಕೊಳವೆಬಾವಿಯ ನೀರಿಗೂ ಇದು ವಿಷ. ಮುಚ್ಚಳವಿರುವ ಕ್ಯಾನಿನಲ್ಲಿ ಶೇಖರಿಸಿ, ಬಳಸಿದ ಆಯಿಲನ್ನು ನೋಂದಾಯಿತ ಮರುಬಳಕೆದಾರರಿಗೆ ನೀಡುವ ಗ್ಯಾರೇಜಿಗೆ ಒಪ್ಪಿಸಬೇಕು. ಕಸ ಸಂಗ್ರಹದ ವಾಹನಕ್ಕೆ ಒಣಕಸದೊಡನೆ ಅದನ್ನು ಹಾಕಿ ಕಳುಹಿಸಬಾರದು.

ಪಂಚಾಯಿತಿಯ ವಾಹನಗಳು

ಇದೇ ಮಾತು ಪಂಚಾಯಿತಿಯ ಕಸ ಸಂಗ್ರಹದ ವಾಹನಕ್ಕೂ ಟ್ರ್ಯಾಕ್ಟರಿಗೂ ಸಲ್ಲುತ್ತದೆ. ಅವುಗಳ ದುರಸ್ತಿಗೆ ಸದಸ್ಯರು ತಾವೇ ಕೈಹಾಕಬೇಕಾಗಿಲ್ಲ. ಆದರೆ ಚಾಲಕಿ ಅಥವಾ ಚಾಲಕರು "ತಿರುಗಿಸುವಾಗ ಸದ್ದು ಬರುತ್ತಿದೆ" ಎಂದು ಹೇಳಿದಾಗ ಅದನ್ನು ದೂರು ಎಂದು ತಿಳಿಯದೆ ಮುನ್ಸೂಚನೆ ಎಂದು ತಿಳಿಯಬೇಕು. ವಾಹನದ ಲಾಗ್ ಪುಸ್ತಕದಲ್ಲಿ ಡೀಸೆಲ್ ಲೆಕ್ಕದ ಪಕ್ಕದಲ್ಲಿಯೇ ಸ್ಟೀರಿಂಗ್ ಆಯಿಲ್ ತುಂಬಿಸಿದ ದಿನಾಂಕ, ಬೆಲ್ಟು ಬದಲಾಯಿಸಿದ ದಿನಾಂಕ ಮತ್ತು ಕಿಲೋಮೀಟರ್ ಬರೆದರೆ, ಎರಡನೆಯ ಬಾರಿ ತುಂಬಿಸುವಾಗಲೇ ಸೋರಿಕೆ ಕಣ್ಣಿಗೆ ಬೀಳುತ್ತದೆ.

ತಿಂಗಳಿಗೊಮ್ಮೆ ನೋಡಬೇಕಾದ ಅಂಶಗಳು ಹೀಗಿವೆ:

1. ಡಬ್ಬಿಯಲ್ಲಿ ಆಯಿಲಿನ ಮಟ್ಟ ಕಳೆದ ತಿಂಗಳಿನಷ್ಟೇ ಇದೆಯೇ?
2. ಬಣ್ಣ ತಿಳಿಯಾಗಿದೆಯೇ? ನೊರೆ, ಮಸಕು, ಸುಟ್ಟ ವಾಸನೆ ಇಲ್ಲವಷ್ಟೆ?
3. ಪೈಪುಗಳ ಕ್ಲಿಪ್ಪು ಬಿಗಿಯಾಗಿದೆಯೇ? ಎಲ್ಲಿಯಾದರೂ ಒದ್ದೆಯಿದೆಯೇ?
4. ಬೆಲ್ಟು ಒಣಗಿದೆಯೇ? ಬಿರುಕು, ಹೊಳಪು, ಬಿಚ್ಚಿದ ನೂಲು ಇದೆಯೇ?
5. ಬೆಲ್ಟಿನ ಬಿಗಿ ಸರಿಯಿದೆಯೇ?
6. ತಿರುಗಿಸುವಾಗ ಕೊರಗು, ಚಾಲೂ ಮಾಡುವಾಗ ಕಿರುಚಾಟ ಕೇಳಿಸುತ್ತಿದೆಯೇ?
7. ವಾಹನ ನಿಲ್ಲಿಸುವ ಜಾಗದಲ್ಲಿ ಹನಿಯ ಕಲೆ ಇದೆಯೇ?

ಮೊದಲು ಹೇಳಿದ ಆ ಸದಸ್ಯರು ಈಗ ಪ್ರತಿ ತಿಂಗಳ ಮೊದಲ ಭಾನುವಾರ ಬೆಳಗ್ಗೆ ಅಂಗಳದಲ್ಲಿ ಬಾನೆಟ್ ಎತ್ತಿ ನಿಲ್ಲುತ್ತಾರೆ. ಅವರ ಮಗಳು ಟಾರ್ಚು ಹಿಡಿಯುತ್ತಾಳೆ, ಗೋಡೆಯ ಕ್ಯಾಲೆಂಡರಿನ ಮೇಲೆ ಮಟ್ಟವನ್ನು ಗುರುತು ಹಾಕುತ್ತಾಳೆ. ಕಾರು ಅದೇ ಹಳೆಯ ಕಾರು. ಡಿಕ್ಕಿಯಲ್ಲಿ ಒಂದು ಹೆಚ್ಚುವರಿ ಬೆಲ್ಟು ಇರುತ್ತದೆ. ನೆರೆಮನೆಯ ಆ ಮಗು ಈಗ ಅಂಗಳಕ್ಕೆ ಬಂದು ಕಾರಿನ ಚಕ್ರವನ್ನು ಹಿಡಿದು ನಿಲ್ಲುವಷ್ಟು ದೊಡ್ಡದಾಗಿದೆ.

ಯಂತ್ರವು ಮುನ್ಸೂಚನೆ ಕೊಡದೆ ಕೈಬಿಡುವುದು ಅಪರೂಪ. ಆ ಕಾರೂ ಒಂದು ತಿಂಗಳು ಕೊರಗಿ ಹೇಳಿತ್ತು, ಕೇಳಿಸಿಕೊಳ್ಳುವವರು ಇರಲಿಲ್ಲ. ಇಂದು ಮನೆಗೆ ಮರಳಿದ ಮೇಲೆ ಸದಸ್ಯರೆಲ್ಲರೂ ಒಮ್ಮೆ ಬಾನೆಟ್ ತೆರೆದು ನೋಡಬೇಕೆಂದು ಕೋರಿ ಈ ಉಪನ್ಯಾಸವನ್ನು ಮುಗಿಸಲಾಗುತ್ತಿದೆ.